ಅಪ್ಪನ ಗಾಡಿಗೆ ಬೆಲ್ಟು

ವಡಗಾವಿಯ ಓಣಿಯಲ್ಲಿ ಮಗ್ಗಗಳ ಸದ್ದು ಸುರುವಾಗುವ ಹೊತ್ತಿಗೆ ಬಸಲಿಂಗಪ್ಪ ಅಂಬಾಸಿಡರ್ ಒರೆಸುತ್ತಿದ್ದ. ಮೊದಲು ಬಾನೆಟ್ಟು, ಆಮೇಲೆ ಬಾಗಿಲು, ಕೊನೆಗೆ ಗಾಜು. ಬೇರೆಯವರು ಬಟ್ಟೆ ಹಿಡಿದು ಹತ್ತಿರ ಬಂದರೆ ಅವನಿಗೆ ಸೇರುತ್ತಿರಲಿಲ್ಲ. ಸೀರೆ ವ್ಯಾಪಾರ ಕೈಹಿಡಿದ ಕಾಲಕ್ಕೆ ಅವನ ಅಪ್ಪ ತಂದ ಗಾಡಿ ಅದು. ಬಣ್ಣ ಅದೇ, ಸ್ಟೇರಿಂಗು ಅದೇ, ಮುಂದಿನ ಉದ್ದನೆಯ ಸೀಟೂ ಅದೇ. ಎಲ್ಲಿಯೂ ಒಂದು ಹೊಸ ಮೊಳೆ ಸೇರಿರಲಿಲ್ಲ.

ಆ ಮನೆಯ ಹೆಣ್ಣುಮಕ್ಕಳಿಗೆ ಗಾಡಿಯೆಂದರೆ ಅರ್ಧ ತವರು. ಚೊಚ್ಚಲ ಬಸುರಿಗೆ ಗಂಡನ ಮನೆಯಲ್ಲಿ ಕುಬಸದ ಸೀಮಂತ ಮುಗಿದರೆ, ಹೆರಿಗೆಗೆ ಕರೆತರಲು ಅದೇ ಗಾಡಿ ಹೋಗಬೇಕು. ಮುಂದಿನ ಸೀಟಿನಲ್ಲಿ, ಓಡಿಸುವವನ ಮಗ್ಗುಲಿಗೆ, ಉಡಿ ತುಂಬಿಸಿಕೊಂಡವಳು ಕೂರಬೇಕು. ಬಸಲಿಂಗಪ್ಪನ ತಂಗಿಯರು ಹಾಗೆ ಬಂದಿದ್ದರು, ಮಗಳೂ ಹಾಗೆ ಬಂದಿದ್ದಳು. ಈಗ ಮಗ ಗೌರೀಶನ ಮಗಳು ಸಮೃದ್ಧಿಯ ಸರದಿ. ಖಾನಾಪುರದ ಬೀಗರು ಕುಬಸದ ದಿನ ತೆಗೆಸಿ ಹೇಳಿಕಳಿಸಿದ್ದರು.

ಸಮೃದ್ಧಿ ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ಅಪಘಾತದ ವಾರ್ಡಿನ ನರ್ಸು. ರಜೆ ಹಾಕುವ ಮುಂಚಿನ ದಿನ ಡ್ಯೂಟಿ ಮುಗಿಸಿ ಅಜ್ಜನ ಮನೆಗೆ ಬಂದಳು. ಗಾಡಿಯೊಳಗೆ ಇಣುಕಿ ನೋಡಿದಳು.

"ಅಜ್ಜಾ, ಇದಕ್ಕ ಬೆಲ್ಟ್ ಹಾಕಸು. ಇಲ್ಲಂದ್ರ ನಾ ಇದರಾಗ ಬರಂಗಿಲ್ಲ ನೋಡು."

"ಬೆಲ್ಟ? ಕಂಪನಿಯವರ ಹಾಕಿಲ್ಲವಾ ಇದಕ್ಕ. ಪೊಲೀಸರು ಸುದ್ದಾ ಕೇಳಂಗಿಲ್ಲ. ಗಾಡಿ ನೋಡಿ ನಕ್ಕೋತ ಕೈ ಮಾಡ್ತಾರ."

"ಪೊಲೀಸರ ಸಲುವಾಗಿ ಹೇಳಾಕತ್ತಿಲ್ಲ ನಾ."

"ನಾ ಎಷ್ಟ ನಿಧಾನಕ್ಕ ಹೊಡಿತೀನಿ ಅಂತ ನಿನಗ ಗೊತ್ತಿಲ್ಲೇನು?"

"ನಮ್ಮ ವಾರ್ಡಿಗೆ ಬಂದವರೂ ಹಂಗ ಅಂತಾರ, ನಾವು ನಿಧಾನಕ್ಕ ಹೊಂಟಿದ್ವಿ ಅಂತ. ಎದುರಿಗೆ ಬಂದಾಂವ ನಿಧಾನಕ್ಕ ಬಂದಿರಬೇಕಲ್ಲ?"

"ನಿಮ್ಮ ಅತ್ತಿ ಬಂದ್ಲು, ಅಜ್ಜಿಗೋಳು ಬಂದ್ರು. ಯಾರಿಗೇನಾತು?"

"ಅವಾಗ ಖಾನಾಪುರ ರೋಡಿನ್ಯಾಗ ಎತ್ತಿನ ಬಂಡಿ ಇದ್ವು. ಈಗ ಗೋವಾದ ಲಾರಿ ಅದಾವ."

ಬಸಲಿಂಗಪ್ಪನ ದನಿ ಇಳಿಯಿತು. "ಬೆಲ್ಟ್ ಕೂಡಬೇಕಂದ್ರ ತೂತು ಹೊಡೀಬೇಕವಾ. ನಮ್ಮಪ್ಪನ ಗಾಡಿಗೆ ನಾ ತೂತು ಹೊಡೀಲಿ?"

"ಬ್ಯಾಡ ಬಿಡು. ನಾ ರೈಲಿಗೆ ಬರ್ತೀನಿ." ಅಜ್ಜನ ಕೈ ಹಿಡಿದು ಮೆಲ್ಲಗೆ ಹೇಳಿದಳು. "ಸಿಟ್ಟಿಲ್ಲ ಅಜ್ಜಾ. ನನ್ನೊಬ್ಬಾಕಿದ ಆಗಿದ್ರ ಹೂಂ ಅಂತಿದ್ನೇನೋ."

ಅವಳು ಹೋದ ಮೇಲೆ ಬಸಲಿಂಗಪ್ಪನಿಗೆ ರೊಟ್ಟಿ ರುಚಿಸಲಿಲ್ಲ. ಮನೆಯ ಮಗಳು ಉಡಿ ತುಂಬಿಸಿಕೊಂಡು ರೈಲಿನಲ್ಲಿ ಬರುವುದು, ಗಾಡಿ ಬಾಗಿಲ ಮುಂದೆ ಸುಮ್ಮನೆ ನಿಂತಿರುವುದು! ಆ ಚಿತ್ರವೇ ಅವನಿಗೆ ಸಹಿಸಲಾಗಲಿಲ್ಲ. ತೂತಿನ ಮಾತೂ ಸಹಿಸಲಾಗಲಿಲ್ಲ. ಹೀಗೆ ಎರಡರ ನಡುವೆ ಸಿಕ್ಕಿ ಒದ್ದಾಡುವಾಗ ನೇಕಾರನ ತಲೆಗೆ ನೇಕಾರನ ಉಪಾಯವೇ ಹೊಳೆಯಿತು. ಬೆಲ್ಟೆಂದರೆ ಏನು? ನೇಯ್ದ ಪಟ್ಟಿ. ಪಟ್ಟಿ ನೇಯಲು ತನಗೆ ಯಾರು ಕಲಿಸಬೇಕು?

ಮೂಲೆಯಲ್ಲಿದ್ದ ಕೈಮಗ್ಗದ ಧೂಳು ಜಾಡಿಸಿದ. ಒಳ್ಳೆಯ ರೇಷ್ಮೆ ಹುಡುಕಿ, ಸೀಟಿನ ಬಣ್ಣಕ್ಕೆ ಒಪ್ಪುವಂತೆ ಬಣ್ಣ ಹಾಕಿಸಿ, ಸೀರೆಯ ಅಂಚಿಗೆ ಹಾಕುವ ಹಾಗೆ ಎರಡೂ ಕಡೆ ದಡಿ ಕೊಟ್ಟು ನೇಯ್ದ. ತೂತು ಹೊಡೆಯದೆ ಸೀಟಿಗೇ ಸುತ್ತಿ ಬಿಗಿದ. ಓಣಿಯವರೆಲ್ಲ ಬಂದು ಮುಟ್ಟಿ ನೋಡಿ ಹೊಗಳಿದರು. ಹೆಂಡತಿ ಚಂದ್ರವ್ವ ಮಾತ್ರ ಸೆರಗು ಬಾಯಿಗೆ ಹಿಡಿದು ನಕ್ಕಳು.

"ಮೊಮ್ಮಗಳನ್ನ ಕುಂದರಸಾಕ ಹೊಂಟೀರೋ, ಮತ್ತೊಮ್ಮೆ ಮದಿವಿ ಮಾಡಾಕ ಹೊಂಟೀರೋ?"

"ಚಲೋ ಆಗಿಲ್ಲೇನು?"

"ಚಲೋ ಆಗೇತಿ. ಹಿಡಿತೈತೋ ಇಲ್ಲೋ ನೋಡೂಣು. ತಗೀರಿ ಗಾಡಿ."

ಚಂದ್ರವ್ವ ಒಂದು ಜೋಳದ ಚೀಲ ಹೊರಿಸಿ ತಂದು ಮುಂದಿನ ಸೀಟಿನಲ್ಲಿ ಕೂರಿಸಿದಳು. ಗಂಡನ ಕೈಯಿಂದಲೇ ಪಟ್ಟಿ ಕಟ್ಟಿಸಿದಳು. ಯಳ್ಳೂರು ರಸ್ತೆಯ ಬದಿಗೆ, ಜನ ಸುಳಿಯದ ಬಯಲಿಗೆ ಹೋದ ಮೇಲೆ ಗಾಡಿ ನಿಲ್ಲಿಸಲು ಹೇಳಿ ತಾನು ಕೆಳಗಿಳಿದಳು.

"ಅದು ಚೀಲ ಅಲ್ಲ, ಸಮೃದ್ಧಿ ಅಂತ ತಿಳಕೋರಿ. ಎಮ್ಮಿ ಅಡ್ಡ ಬಂತು ಅಂತ ತಿಳಕೋರಿ. ಹೊಡೀರಿ ಬ್ರೇಕು!"

ಬಸಲಿಂಗಪ್ಪ ಗಾಡಿಗೆ ವೇಗ ಕೊಟ್ಟು, ಕಾಲೂರಿ ಬ್ರೇಕು ಒತ್ತಿದ. ಹಳೆಯ ಸೀಟಿನ ಕೊಂಡಿ ತಪ್ಪಿ ಇಡೀ ಸೀಟು ಮುಂದಕ್ಕೆ ಜಾರಿತು. ಸ್ಟೇರಿಂಗು ಅವನ ಎದೆಗೆ ಗುದ್ದಿತು. ರೇಷ್ಮೆಯ ಗಂಟು ಬೆಣ್ಣೆಯ ಹಾಗೆ ಸಡಿಲಿ, ಚೀಲ ಹಾರಿ ಮುಂದಿನ ತಗಡಿಗೆ ಬಡಿದು ಒಡೆಯಿತು. ಜೋಳವೆಲ್ಲ ಕಾಲಡಿಗೆ ಸುರಿಯಿತು.

ಚಂದ್ರವ್ವ ಓಡಿ ಬಂದಳು. ಅವಳ ಬಾಯಲ್ಲಿ ಈಗ ಹಾಸ್ಯವಿರಲಿಲ್ಲ. "ಎದಿಗೆ ಹತ್ತಿತೇನ್ರಿ?"

ಅವನು ಎದೆ ನೀವಿಕೊಳ್ಳುತ್ತ ಸಡಿಲಿದ ಗಂಟನ್ನು ನೋಡಿದ. ರೇಷ್ಮೆಗೆ ಗಂಟು ನಿಲ್ಲುವುದಿಲ್ಲವೆಂಬುದು ಓಣಿಯ ಚಿಕ್ಕ ಮಕ್ಕಳಿಗೂ ಗೊತ್ತು. ಚೆಂದದ ಆಸೆಯಲ್ಲಿ ಅವನೇ ಮರೆತಿದ್ದ. ಒಡೆದ ಚೀಲದ ಮೇಲೆ ಕೈಯಾಡಿಸಿದ. ಆಮೇಲೆ ಕೆಳಗಿಳಿದು ಪಟ್ಟಿ ಬಿಚ್ಚಿ ಸುತ್ತಿ ಹೆಂಡತಿಯ ಕೈಗೆ ಕೊಟ್ಟ.

"ಇದನ್ನ ತೊಟ್ಲಕ್ಕ ಕಟ್ಟು, ಚಂದ ಕಾಣತೈತಿ. ಗಾಡಿ ಹಿಂಗ ಉದ್ಯಮಬಾಗಿಗೆ ಹೋಗಲಿ."

ಉದ್ಯಮಬಾಗಿನಲ್ಲಿ ಲಕ್ಷ್ಮಣನ ಗ್ಯಾರೇಜು. ಅವನು ಸೀಟಿನ ಕೊಂಡಿ ಬದಲಿಸಿದ, ಮುಂದೆ ಹಿಂದೆ ಎರಡೂ ಸೀಟಿಗೆ ಬೆಲ್ಟು ಕೂಡುವ ಜಾಗಗಳಿಗೆ ಸೀಮೆಸುಣ್ಣದಿಂದ ಗುರುತು ಹಾಕಿದ. ಬರೀ ತಗಡಿಗೆ ಬೋಲ್ಟು ಹಾಕಿದರೆ ಹರಿದು ಬರುತ್ತದೆ, ಹಿಂದೆ ದಪ್ಪ ಉಕ್ಕಿನ ಪಟ್ಟಿ ಕೊಡಬೇಕು ಎಂದ. ಡ್ರಿಲ್ಲು ಎತ್ತಿಕೊಂಡು, ಮುದುಕನ ಮುಖ ನೋಡಿ ತಡೆದ.

"ಕಾಕಾ, ನೀವು ಹೊರಗ ಚಾ ಕುಡ್ಕೊಂತ ಕುಂದರ್ರಿ. ನೋಡಾಕ ಆಗಂಗಿಲ್ಲ ನಿಮಗ."

"ತಾ ಇಲ್ಲಿ," ಎಂದ ಬಸಲಿಂಗಪ್ಪ. "ಮೊದಲನೇದು ನಾನ ಹೊಡಿತೀನಿ."

ಡ್ರಿಲ್ಲು ಕೂಗಿತು. ಬಾಗಿಲ ನಡುವಿನ ಕಂಬದಿಂದ ಹೊಳೆಯುವ ಲೋಹದ ಸುರುಳಿ ಕೆಳಗೆ ಬಿತ್ತು. ಅಪ್ಪ ನೋಡುತ್ತಿದ್ದರೆ ಏನು ಅನ್ನುತ್ತಿದ್ದನೋ ಎಂದು ಒಂದು ಗಳಿಗೆ ಅನಿಸಿತು. ಹೆಣ್ಣುಮಕ್ಕಳನ್ನು ಸುಖವಾಗಿ ತರಲೆಂದೇ ಅಲ್ಲವೇ ಅವನು ಈ ಗಾಡಿ ಕೊಂಡದ್ದು ಎಂದೂ ಅನಿಸಿತು. ಆಚೆ ಬದಿಗೆ ತೂತು ಬೀಳುವವರೆಗೂ ಒತ್ತಿ ಹಿಡಿದ.

ಕುಬಸದ ದಿನ ಖಾನಾಪುರದ ಓಣಿಯಲ್ಲಿ ಅಂಬಾಸಿಡರ್ ಬಂದು ನಿಂತಾಗ ಜನ ಸುತ್ತುಗಟ್ಟಿದರು. ಹಸಿರು ಸೀರೆ, ಮುಡಿ ತುಂಬ ಹೂವು, ಸಮೃದ್ಧಿ ಮನೆಯೊಳಗಿಂದ ಬಂದವಳು ಬಾಗಿಲು ತೆರೆದು ಕಪ್ಪು ಬೆಲ್ಟು ನೋಡಿದಳು. ಅಜ್ಜನ ಭುಜಕ್ಕೆ ಹಣೆ ಹಚ್ಚಿದಳು. ಆಮೇಲೆ ಕೂತು, ಕೆಳಗಿನ ಪಟ್ಟಿ ಹೊಟ್ಟೆಯ ಅಡಿಗೆ, ಮೇಲಿನದು ಎದೆಯ ನಡುವೆ ಬರುವಂತೆ ಹಾಕಿಕೊಂಡಳು.

ಅವಳ ಮಾವ ಗುರುಪುತ್ರಪ್ಪ ತಲೆಯ ಟೊಪ್ಪಿಗೆ ಸರಿಮಾಡಿಕೊಳ್ಳುತ್ತ ಹಿಂದಿನ ಸೀಟು ಏರಿದ. ಸೊಸೆಯನ್ನು ತವರಿಗೆ ಮುಟ್ಟಿಸಿ ಬರುವುದು ಅವನ ಪಾಲಿನ ಕೆಲಸ. ಅವನ ಬೆನ್ನಿಗೆ ಅತ್ತೆಯರು, ಮಕ್ಕಳು ಎಲ್ಲ ನುಗ್ಗಿದರು. ಹಿಂದೆಲ್ಲ ಹಾಗೆ ಒಬ್ಬರ ತೊಡೆಯ ಮೇಲೊಬ್ಬರು ಕೂತೇ ಹೋಗುತ್ತಿದ್ದರು.

"ಬೆಲ್ಟ್ ಇದ್ದಷ್ಟ ಮಂದಿ," ಎಂದ ಬಸಲಿಂಗಪ್ಪ. "ಉಳಿದವರು ನಮ್ಮ ಅಳಿಯ ಅಮರನ ಕೂಡ ಬಸ್ಸಿಗೆ ಬರ್ರಿ."

"ಬೀಗರ, ಗಾಡಿ ತಂದೀರೋ ವಿಮಾನ ತಂದೀರೋ?" ಗುರುಪುತ್ರಪ್ಪನ ಮಾತಿಗೆ ಎಲ್ಲರೂ ನಕ್ಕರು. "ಹಿಂದ ಕುಂತಾಂವಗ ಎದಕ್ಕ ಬೇಕ್ರಿ ಬೆಲ್ಟು? ನಡೀರಿ."

ಬಸಲಿಂಗಪ್ಪ ಕೀಲಿ ತಿರುಗಿಸಿ ಎಂಜಿನ್ನು ಆರಿಸಿದ. ಕೈಕಟ್ಟಿ ಕೂತ. ಹಿಂದೆ ಒಂದು ಟೆಂಪೋ ಹಾರ್ನು ಬಾರಿಸಿತು, ಇನ್ನೊಂದು ಸೇರಿತು.

"ಬೀಗರ, ಖರೇನ ಹೋಗಂಗಿಲ್ಲೇನು?"

"ಗಾಡಿ ನಂದು, ಹೊಣಿನೂ ನಂದು. ನಿಮ್ಮ ಮನಿ ಮಂಟಪದಾಗ ನೀವು ಹೇಳಿದಲ್ಲೆ ಕುಂತೀನಿ. ಇಲ್ಲಿ ನಾ ಹೇಳಿದಂಗ ಕುಂದರ್ರಿ."

ಹಿಂದೆ ಗುರುಪುತ್ರಪ್ಪನ ಮಗ್ಗುಲಲ್ಲಿದ್ದ ಚಂದ್ರವ್ವ ಬೆಲ್ಟು ಎಳೆದು ಅವನ ಕೈಗಿತ್ತಳು. ಅವನು ಗೊಣಗುತ್ತ ಹಾಕಿಕೊಂಡ, ಬೆಲ್ಟು ಸಿಗದವರು ಇಳಿದರು. ಗಾಡಿ ಹೊರಟಿತು.

ದೇಸೂರು ಇನ್ನೂ ಬಂದಿರಲಿಲ್ಲ. ಹೊಲದ ದಾರಿಯಿಂದ ಕಬ್ಬು ಹೇರಿದ ಟ್ರ್ಯಾಕ್ಟರು, ಅತ್ತಿತ್ತ ನೋಡದೆ, ನೇರ ರಸ್ತೆಗೆ ನುಗ್ಗಿತು. ಬಸಲಿಂಗಪ್ಪ ಇದ್ದ ಬಲವನ್ನೆಲ್ಲ ಕಾಲಿಗೆ ಹಾಕಿದ. ಟಯರುಗಳು ಕಿರುಚಿದವು. ಬೆಲ್ಟುಗಳು ಗಕ್ಕನೆ ಬಿಗಿದು ಹಿಡಿದವು. ಕಬ್ಬಿನ ಗರಿಗಳು ಬಾನೆಟ್ಟಿಗೆ ತಾಗುವಷ್ಟು ಹತ್ತಿರದಲ್ಲಿ ಗಾಡಿ ನಿಂತಿತು.

ಗುರುಪುತ್ರಪ್ಪನ ಟೊಪ್ಪಿಗೆ ಮಾತ್ರ ಹಾರಿ, ಮುಂದಿನ ಗಾಜಿಗೆ ಬಡಿದು ಸ್ಟೇರಿಂಗಿನ ಮೇಲೆ ಬಿದ್ದಿತ್ತು.

"ಸಮೃದ್ಧಿ!"

"ಆರಾಮದೀನಿ ಅಜ್ಜಾ." ಅವಳು ಹೊಟ್ಟೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದಳು, ತೆರೆದಳು, ನಕ್ಕಳು. "ಒದಿಯಾಕತ್ತೇತಿ. ಎದಕ್ಕ ನಿಂದ್ರಸಿದಿ ಅಂತ ಕೇಳಾಕತ್ತೇತಿ."

ಚಂದ್ರವ್ವ ಅಳುತ್ತ ನಕ್ಕಳು. ಗುರುಪುತ್ರಪ್ಪ ಬೋಳುತಲೆ ಸವರಿಕೊಂಡ. "ಟೊಪ್ಪಿಗಿ ಹೋದಲ್ಲೆ ತಲಿನೂ ಹೊಕ್ಕಿತ್ತಲ್ರೀ ಬೀಗರ!"

ಮನೆಗೆ ಹೋಗುವ ಮುಂಚೆ ಸಮೃದ್ಧಿಯ ಮಾತಿನಂತೆ ಆಸ್ಪತ್ರೆಗೆ ಹೋದರು. ಡಾಕ್ಟರಮ್ಮ ನೋಡಿ, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದಳು. ಆಮೇಲೆ ವಡಗಾವಿಯ ಓಣಿಗೆ ಅಂಬಾಸಿಡರ್ ಹಾರ್ನು ಬಾರಿಸುತ್ತ ಬಂದಿತು. ಸುದ್ದಿ ಮೊದಲೇ ಮುಟ್ಟಿತ್ತು. ಮಗ್ಗ ನಿಲ್ಲಿಸಿ ಜನ ಹೊರಗೆ ಬಂದಿದ್ದರು. ಆರತಿ ಎತ್ತಿದ ಹೆಂಗಸರು ಸಮೃದ್ಧಿಯನ್ನು ಇಳಿಸಿಕೊಂಡು, ಗಾಡಿಗೂ ಎತ್ತಿದರು. ಬಸಲಿಂಗಪ್ಪ ಎದೆಯೆತ್ತಿ ನಿಂತಿದ್ದ.

ಊಟಕ್ಕೆ ಕರೆದರೆ ಗುರುಪುತ್ರಪ್ಪ ಒಳಗೆ ಬರಲಿಲ್ಲ. "ನಂದೂ ಒಂದು ಹಳೇ ಜೀಪ್ ಐತ್ರಿ. ಮೊಮ್ಮಕ್ಕಳು ಅದರಾಗ ನೇತಾಡಿಕೋಂತ ಬರ್ತಾವ. ನಿಮ್ಮ ಲಕ್ಷ್ಮಣ ಇವತ್ತ ಸಿಗತಾನೇನು?"

"ಊಟ ಆಗ್ಲಿ, ಹೋಗೂಣು."

"ಊಟ ಎಲ್ಲಿಗೂ ಹೋಗಂಗಿಲ್ರಿ," ಎಂದು ಗುರುಪುತ್ರಪ್ಪ ಮುಂದಿನ ಬಾಗಿಲು ತೆರೆದು ಕೂತ. ಬಸಲಿಂಗಪ್ಪ ಈಚೆಯಿಂದ ಬಂದು ಕೂರುವಷ್ಟರಲ್ಲಿ ಬೆಲ್ಟು ಹಾಕಿಕೊಂಡು, ಕೀಲಿಯ ಕಡೆ ಕೈಚಾಚಿದ ಬೀಗನನ್ನು ತಡೆದ.

"ಮೊದಲ ನಿಮ್ದು ಹಾಕ್ಕೋರಿ."