ವಿಮಾನದಲ್ಲಿ ಕೈಮುಗಿಯಬಾರದು

ಪಾಂಡವಪುರದ ಮೇಲೆ ವಿಮಾನ ಇದ್ದಕ್ಕಿದ್ದಂತೆ ಮೂಗೆತ್ತಿತು. ಎತ್ತಿದ್ದು ಅರ್ಪಿತ ಅಲ್ಲ, ಆಟೋಪೈಲಟ್.

ಅದು ಮೈಸೂರಿನ ಗ್ರಾನೈಟ್ ವ್ಯಾಪಾರಿಯೊಬ್ಬರ ನಾಲ್ಕು ಸೀಟಿನ ಪುಟ್ಟ ವಿಮಾನ. ಅರ್ಪಿತ ಅದರ ಪೈಲಟ್. ಯಜಮಾನರನ್ನು ಕೇಳಿಕೊಂಡು ಸೋದರಮಾವ ಚಲುವರಾಜುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗಿದ್ದಳು. ಬೂಕನಕೆರೆಯಲ್ಲಿ ಅವನ ಕಬ್ಬಿನ ಗದ್ದೆ, ಕೊಟ್ಟಿಗೆ ಎಲ್ಲವನ್ನೂ ಮೇಲಿನಿಂದ ತೋರಿಸಿ ಮರಳುತ್ತಿದ್ದಳು. ಕೊಟ್ಟಿಗೆ ಅಷ್ಟು ಚಿಕ್ಕದಾಗಿ ಕಂಡದ್ದಕ್ಕೆ ಮಾವ ಇನ್ನೂ ಮುನಿಸಿಕೊಂಡಿದ್ದ.

ಅವಳು ಗುಂಡಿ ಒತ್ತಿ ಆಟೋಪೈಲಟ್ ಬಿಡಿಸಿದಳು. ಆದರೆ ಅದು ಹೋಗುವ ಮುಂಚೆ ಟ್ರಿಮ್ ಚಕ್ರವನ್ನು ಕೊನೆಯವರೆಗೂ ತಿರುಗಿಸಿಬಿಟ್ಟಿತ್ತು. ವಿಮಾನದ ಮೂಗನ್ನು ಬೇಕಾದ ಮಟ್ಟದಲ್ಲಿ ನಿಲ್ಲಿಸಿ ಪೈಲಟ್ಟಿನ ಕೈಗೆ ಬಿಡುವು ಕೊಡುವುದು ಈ ಚಕ್ರದ ಕೆಲಸ. ಈಗ ಅದು ಎಲ್ಲೋ ಕಚ್ಚಿಕೊಂಡು ಮೂಗನ್ನು ಮೇಲಕ್ಕೇ ದಬ್ಬುತ್ತಿತ್ತು. ಫ್ಯೂಸ್ ಕಿತ್ತರೂ ಕದಲಲಿಲ್ಲ. ಇನ್ನು ಸ್ಟಿಯರಿಂಗನ್ನು ಇಳಿಯುವವರೆಗೂ ಮುಂದಕ್ಕೆ ಒತ್ತಿಯೇ ಹಿಡಿಯಬೇಕು. ಬಿಟ್ಟರೆ ಮೂಗೆದ್ದು, ವೇಗ ಸತ್ತು, ಯಾರದೋ ಕಬ್ಬಿನ ಗದ್ದೆಯನ್ನು ತೀರ ಹತ್ತಿರದಿಂದ ನೋಡಬೇಕಾಗುತ್ತದೆ.

ರೇಡಿಯೋ ಹಿಡಿಯಲು ಒಂದು ಕೈ ಬೇಕಾದಾಗ ಅವಳು ಮಾವನ ಮುಂದಿದ್ದ ಜೋಡಿ ಸ್ಟಿಯರಿಂಗ್ ತೋರಿಸಿದಳು.

"ಮಾವ, ಇದ ಎಲ್ಡೂ ಕೈಲಿ ಮುಂದಕ್ಕೆ ಒತ್ತಿ ಇಡ್ಕೊ. ಬುಡ್ಬೇಡ."

"ಎಮ್ಮೆ ಇಡ್ದಿರೋ ಕೈ ಕಣವ್ವ. ಬುಡ್ತೀನಾ?"

ಅವಳು ರೇಡಿಯೋದಲ್ಲಿ ಮೈಸೂರು ವಿಮಾನ ನಿಲ್ದಾಣದ ಟವರಿಗೆ ವಿಷಯ ತಿಳಿಸುತ್ತಿದ್ದಾಗ ಕೆಳಗೆ ಕಾವೇರಿ ಎರಡಾಗಿ ಸೀಳಿತು. ನಡುವೆ ಶ್ರೀರಂಗಪಟ್ಟಣ, ದೇವಸ್ಥಾನದ ಗೋಪುರ. ಚಲುವರಾಜು ಎರಡೂ ಕೈ ಬಿಟ್ಟು ಭಕ್ತಿಯಿಂದ ಮುಗಿದ.

ಬಸ್ಸಿನಲ್ಲಿ ಈ ಊರು ದಾಟುವಾಗಲೆಲ್ಲ ಹೀಗೇ ಮುಗಿಯುತ್ತಿದ್ದ. ಬಸ್ಸು ಯಾವತ್ತೂ ಆಕಾಶ ನೋಡಿರಲಿಲ್ಲ. ವಿಮಾನ ಮೂಗೆತ್ತಿ ನೋಡಿತು. ವೇಗ ಸಾಲದೆಂಬ ಎಚ್ಚರಿಕೆಯ ಪೀಪಿ ಊದಿತು. ಅರ್ಪಿತ ಮಾತು ನಿಲ್ಲಿಸಿ, ಎದೆಯನ್ನೇ ಕೊಟ್ಟು ಒತ್ತಿ ಮೂಗಿಳಿಸಿದಳು. ಮಾವ ಬಿಳಿಚಿಕೊಂಡು ಮತ್ತೆ ಹಿಡಿದ.

"ಇನ್ನು ದೇವ್ರೇ ಅಡ್ಡ ಬಂದ್ರೂ ಕೈ ತಗೀಬೇಡ," ಅಂದಳು.

ಸ್ವಲ್ಪ ಹೊತ್ತಿಗೆ ಚಾಮುಂಡಿ ಬೆಟ್ಟ ಎದುರಾಯಿತು. ಅದರಾಚೆಯೇ ರನ್‌ವೇ. ಮಾವನ ಬೆರಳುಗಳು ಒಂದೊಂದಾಗಿ ಸಡಿಲವಾಗುತ್ತಿದ್ದವು. ತಾಯಿಗೆ ಮುಗಿಯದೆ ಬೆಟ್ಟ ದಾಟುವುದು ಅವನಿಗೆ ಕೆಳಗೆ ಬೀಳುವುದಕ್ಕಿಂತ ಕಷ್ಟ. ತನ್ನ ಪರವಾಗಿ ನೀನೇ ಮುಗಿ ಎಂದು ಕೇಳಿದ. ತನಗೂ ಕೈ ಬಿಡುವಿಲ್ಲ ಅಂದಳು.

"ಅಂಗಾರೆ ರೇಡಿಯೋದಲ್ಲಿ ಮಾತಾಡೋರು ಸುಮ್ನೆ ಕೂತವ್ರಲ್ಲ. ಅವ್ರ್ನ ಕೇಳವ್ವ."

ಅರ್ಪಿತ ಅವನ ಬೆರಳುಗಳನ್ನು ನೋಡಿದಳು. ವಾದ ಮಾಡುವಷ್ಟು ಎತ್ತರ ಉಳಿದಿರಲಿಲ್ಲ. ಇಳಿಯಲು ಟವರಿನ ಅನುಮತಿ ಕೇಳಿದಳು. ಹಾಗೆಯೇ, ತನ್ನ ಪ್ರಯಾಣಿಕರ ಪರವಾಗಿ ದಯವಿಟ್ಟು ಬೆಟ್ಟಕ್ಕೊಂದು ಕೈಮುಗಿಯಬೇಕೆಂದೂ ಕೇಳಿದಳು.

ಬಹುಶಃ ಇಂಥ ಕೋರಿಕೆಗೆ ನಿಯಮದಲ್ಲಿ ಉತ್ತರವಿರಲಿಲ್ಲ.

"ಮುಗಿದೆ," ಅಂದಿತು ಟವರ್, "ಎದ್ದು ನಿಂತೇ ಮುಗಿದೆ. ಗಾಳಿ ಪಶ್ಚಿಮದಿಂದ. ಇಳಿಯಿರಿ."

ಮಾವನ ಬೆರಳುಗಳು ಬಿಗಿದುಕೊಂಡವು. ಚಕ್ರ ನೆಲಕ್ಕೆ ತಾಗಿ, ಒಮ್ಮೆ ಪುಟಿದು, ವಿಮಾನ ಪೂರ್ತಿ ನಿಂತು, ಅರ್ಪಿತ ಸಾಕು ಎಂದರೂ ಅವನು ಬಿಡಲಿಲ್ಲ.