ಬೆಟ್ಟದವ್ವನ ಕೌದಿ

ಚಳಿಗಾಲಕ್ಕೆ ಬೆಟ್ಟಗಳು ಮಲಗುತ್ತವೆ ಎಂದು ಬಸವ್ವಜ್ಜಿ ಹೇಳುತ್ತಿದ್ದಳು. ಹಡರ್ಸ್‌ಫೀಲ್ಡಿನ ಮನೆಯಲ್ಲಿ ರೇಡಿಯೇಟರಿಗೆ ಬೆನ್ನು ಕೊಟ್ಟು, ಹಳೆ ಸೀರೆಗಳ ಕೌದಿ ಹೊಲಿಯುತ್ತ ಹೇಳುವ ಕತೆ ಅದು. ಧಾರವಾಡದಿಂದ ತಂದ ಕತೆಗೆ ಈ ಇಂಗ್ಲಿಷರ ನಾಡಿಗೆ ಬಂದ ಮೇಲೆ ಹಿಮ ಸೇರಿಸಿಕೊಂಡಿದ್ದಳು. ಬೆಟ್ಟದವ್ವ ಮಲಗಿದಾಗ ಗಾಳಿಯೇ ಬಂದು ಅವಳಿಗೆ ಬಿಳಿ ಕೌದಿ ಹೊದಿಸುತ್ತದೆ. ಆದರೆ ಗಾಳಿಗೆಲ್ಲಿಯ ಹೊಲಿಗೆ? ಪದರದ ಮೇಲೆ ಪದರ ಹಾಸಿ ಹೊರಟುಹೋಗುತ್ತದೆ, ಒಂದು ಟಾಕೂ ಹಾಕುವುದಿಲ್ಲ.

ಕತೆಗೆ ಹೂಂಗುಟ್ಟುತ್ತಿದ್ದವಳು ಮೊಮ್ಮಗಳು ಯಾಮಿನಿ. ತಮ್ಮ ಶರಣ್ ಮಾತ್ರ, "ದಟ್ಸ್ ನಾಟ್ ಸೈನ್ಸ್, ಅಜ್ಜಿ" ಎಂದು ನಗುತ್ತಿದ್ದ.

ಆ ಶರಣ್ ಈಗ ಲೆಮಿಂಗ್ಟನ್ ಸ್ಪಾ ಎಂಬ ಊರಿನಲ್ಲಿ ವಿಡಿಯೋ ಗೇಮುಗಳಿಗೆ ಬೆಟ್ಟ ಕಟ್ಟುತ್ತಾನೆ. ನಿಜವಾದ ಹಿಮದ ಮೇಲೆ ಬೆಳಕು ಹೇಗೆ ಬೀಳುತ್ತದೋ ನೋಡಬೇಕೆಂದು ಹಟ ಹಿಡಿದದ್ದಕ್ಕೆ, ಫೆಬ್ರುವರಿಯ ಒಂದು ಶನಿವಾರ ಅಕ್ಕ ತಮ್ಮ ಹೆಲ್ವೆಲಿನ್ ಬೆಟ್ಟ ಹತ್ತಿದ್ದರು.

ಬೆಟ್ಟದ ನೆತ್ತಿಯ ಚೂಪಾದ ಏಣಿನ ಮೇಲೆ ಗಾಳಿ ಕಲ್ಲುಗಳನ್ನು ಗುಡಿಸಿ ಬರಿದು ಮಾಡಿತ್ತು. ಗುಡಿಸಿದ ಹಿಮವೆಲ್ಲ ಪೂರ್ವದ ಇಳಿಜಾರಿಗೆ ಹೋಗಿ ಬಿದ್ದಿತ್ತು. ಅದರ ಮೈತುಂಬ ಗಾಳಿಯ ಗೀರುಗಳು, ಸಾಲು ಸಾಲು ಟಾಕಿನ ಹಾಗೆ. ಯಾಮಿನಿ ಮೈಮರೆತು ನಿಂತಳು. ಮಲಗಿದವಳ ಉಸಿರಿಗೆ ಆ ಬಿಳುಪು ಮೆಲ್ಲಗೆ ಏರಿ ಇಳಿದಂತೆ ಕಂಡಿತು.

ಎಚ್ಚರವಾದಾಗ ಶರಣ್ ಇಳಿಜಾರಿನ ಅಂಚಿನಲ್ಲಿದ್ದ.

"ಶರಣಾ, ಅಲ್ಲಿ ಬ್ಯಾಡೋ! ಮುಂಜಾನೆ ಹವಾಮಾನದ ಎಚ್ಚರಿಕಿ ಓದಿದ್ದು ಮರತ್ಯಾ? ಮ್ಯಾಲಿನ ಹಿಮ ಕೆಳಗಿಂದಕ್ಕ ಅಂಟಿಲ್ಲ, ದೂರ ಇರ್ರಿ ಅಂತ ಬರದಿದ್ರು."

"ಚಿಲ್, ಅಕ್ಕಾ! ಇಲ್ಲಿ ಮಳಿ ಬಂದ್ರೂ ವಾರ್ನಿಂಗ್ ಕೊಡ್ತಾರ. ಆ ಕಡೆಯಿಂದ ಒಂದು ಫೋಟೋ, ದಟ್ಸ್ ಆಲ್."

ಅವನು ನಡೆದ. ಮುಟ್ಟದ ಬಿಳುಪಿನ ಮೇಲೆ ಹೆಜ್ಜೆಗಳು ಒಂದೊಂದಾಗಿ ಮೂಡಿದವು. ನಡುವಿಗೆ ತಲುಪಿದ್ದನೋ ಇಲ್ಲವೋ, ಒಳಗಿಂದ ಒಂದು ದನಿ ಬಂತು.

ಹೂಂ.

ನಿದ್ದೆಗಣ್ಣಲ್ಲಿ ಕತೆ ಕೇಳುವವರು ಅನ್ನುವಂತೆ, ಮೆತ್ತಗೆ, ಆಳದಿಂದ. ಇಡೀ ಇಳಿಜಾರು ಒಂದು ಕೂದಲೆಳೆಯಷ್ಟು ಕುಸಿದು ಕೂತಿತು. ಅವನ ಕಾಲಿನಿಂದ ನೀಲಿ ಬಿರುಕೊಂದು ಹೊರಟು ಎಳೆದ ದಾರದಂತೆ ಓಡಿತು.

ಕೂಗಿದರೆ ಹಿಮ ಜಾರುವುದಿಲ್ಲ, ಜಾರುವುದು ತೂಕಕ್ಕೆ. ಅದು ಯಾಮಿನಿಗೆ ಗೊತ್ತಿತ್ತು. ಆದರೆ ಏನೆಂದು ಕೂಗುವುದು? "ಬಾ" ಎಂದರೆ ಅವನು ವಾದಕ್ಕೆ ನಿಲ್ಲುತ್ತಾನೆ. ಶರಣ್ ಆಗಲೇ ಆಚೆಯ ದಂಡೆಯತ್ತ ಕೈ ತೋರಿಸುತ್ತಿದ್ದ. "ಹಾಫ್‌ವೇ ಬಂದೀನಿ! ಮುಂದಕ್ಕೇ ಹೋಗಿಬಿಡ್ತೀನಿ!"

ಮುಂದೆ ಹಿಮ ಇನ್ನೂ ದಪ್ಪವಾಗಿ ಉಬ್ಬಿತ್ತು.

ಆಗ ಅವಳ ಬಾಯಿಂದ ಬಂದದ್ದು ಅಜ್ಜಿಯ ದನಿ. ಅಜ್ಜಿ ನೆಲದ ಮೇಲೆ ಅಡ್ಡಾದಾಗ ಅವಳನ್ನು ದಾಟಿ ಟಿವಿಯತ್ತ ಓಡುತ್ತಿದ್ದ ಪುಟ್ಟ ಶರಣನಿಗೆ ದಿನಾ ಬೀಳುತ್ತಿದ್ದ ಗದರಿಕೆ.

"ಏ ಭಾಡ್ಯಾ! ಮಲಗಿದವರನ್ನ ದಾಟಿದ್ಯಾ? ಬಂದಂಗ ತಿರುಗಿ ದಾಟು!"

ಶರಣನ ತಲೆ ಯೋಚಿಸುವ ಮೊದಲೇ ಕಾಲು ತಿರುಗಿತು. ತನ್ನದೇ ಹೆಜ್ಜೆಯ ಗುಳಿಗಳಲ್ಲಿ ಹೆಜ್ಜೆಯಿಡುತ್ತ, ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಮೋರೆ ಹೊತ್ತು, ಅವನು ಬಂದ. ಕಲ್ಲಿನ ಮೇಲೆ ಕಾಲಿಟ್ಟ ಮೇಲಷ್ಟೇ ನಗಲು ನೋಡಿದ, ನಗು ಬರಲಿಲ್ಲ. ಯಾಮಿನಿ ಅವನ ಜಾಕೆಟ್ಟಿನ ತೋಳು ಹಿಡಿದವಳು ಬಿಡಲಿಲ್ಲ.

"ನಾನ್ಯಾಕ ತಿರುಗಿದೆ, ಅಕ್ಕಾ?"

"ಅಜ್ಜಿ ಬೈದಳಲ್ಲ."

ಅವರು ಏಣಿನ ಮೇಲೆಯೇ ಇಳಿದರು. ತಿರುವಿನಲ್ಲಿ ಶರಣ್ ನಿಂತು ಹಿಂದೆ ನೋಡಿದ. ಯಾವಾಗ ಆಯಿತೋ, ಸದ್ದೇ ಕೇಳಿರಲಿಲ್ಲ. ಬೆಟ್ಟದವ್ವ ಮಗ್ಗಲು ಬದಲಿಸಿದ್ದಳು. ಕೌದಿಯ ಮೇಲಿನ ಪದರ ಜಾರಿ ಕೆಳಗೆ ರಾಶಿಯಾಗಿತ್ತು. ಅಂಚಿನಲ್ಲಿ ಅವನು ಹೋದ ಹೆಜ್ಜೆಗಳಿದ್ದವು, ಬಂದ ಹೆಜ್ಜೆಗಳೂ ಇದ್ದವು. ಅವನು ತಿರುಗಿ ನಿಂತಿದ್ದ ಜಾಗವೇ ಇರಲಿಲ್ಲ.

ಕಣಿವೆಯ ಕುರಿಗಳು ಕಾಣತೊಡಗಿದಾಗ ಯಾಮಿನಿ ತನ್ನಷ್ಟಕ್ಕೆ ಶುರು ಮಾಡಿದಳು: "ಒಂದೂರಾಗ ಒಬ್ಬಾಕಿ ಬೆಟ್ಟದವ್ವ ಇದ್ದಳಂತ..."

ಹಿಂದಿನಿಂದ ಶರಣ್ ಮೆಲ್ಲಗೆ ಅಂದ, "ಹೂಂ."