ಮೆತ್ತಗಿನ ಮಣ್ಣು

ತಾನು ತಂದುಕೊಟ್ಟ ಮಣ್ಣು ಪರೀಕ್ಷೆಯ ಕಾರ್ಡಿಗೆ ಚೌಕಟ್ಟು ಕಟ್ಟಿಸಿ, ಮನೆದೇವರ ಪಟದ ಮಗ್ಗುಲಿಗೇ ತೂಗುಹಾಕಿದ್ದನ್ನು ಕಂಡಾಗ ಸಂಗನಬಸವ ಅರ್ಧ ಕುಡಿದ ಚಹಾದ ಬಟ್ಟಲನ್ನು ಕೆಳಗಿಟ್ಟ. ಚೌಕಟ್ಟಿಗೆ ಯಾರೋ ವಿಭೂತಿಯನ್ನೂ ಹಚ್ಚಿದ್ದರು.

ಸಿಂಧನೂರಿನ ಒಂದು ಸಣ್ಣ ಮಣ್ಣು ಪರೀಕ್ಷಾ ಕೇಂದ್ರಕ್ಕಾಗಿ ಹೊಲದಿಂದ ಹೊಲಕ್ಕೆ ತಿರುಗಿ ಮಣ್ಣು ತರುವುದು ಅವನ ಕೆಲಸ. ಹೋದ ವರ್ಷ ತುರ್ವಿಹಾಳದ ಪಾರ್ವತೆಮ್ಮನ ನಾಲ್ಕೆಕರೆ ಭತ್ತದ ಗದ್ದೆಯ ಮಣ್ಣನ್ನು ಒಯ್ದವನೂ ಅವನೇ. ಕಾರ್ಡಿನಲ್ಲಿ 'ಸಾವಯವ ಇಂಗಾಲ: ಅಧಿಕ' ಎಂದು, ಅಂದರೆ ನೆಲ ಸತ್ವಭರಿತವಾಗಿದೆ ಎಂದು, ಬಂದಿತ್ತು. ಈಗ ಆಕೆಯ ಇನ್ನೊಂದು ತುಂಡು ಹೊಲದ ಮಣ್ಣಿಗೆಂದು ಮತ್ತೆ ಆಕೆಯ ಮನೆಗೆ ಬಂದಿದ್ದ.

"ಏನ್ ಓದಾಕತ್ತೀದಿ ತಮ್ಮಾ, ನೀನ ತಂದದ್ದಲ್ಲೇನು," ಎಂದು ಪಾರ್ವತೆಮ್ಮ ನಕ್ಕಳು. "ಈ ಓಣ್ಯಾಗ ಯಾರಿಗೂ 'ಅಧಿಕ' ಬಂದಿಲ್ಲ. ಲಿಂಗಸುಗೂರಿನ ನನ್ನ ತಂಗಿಗೂ ಫೋನಿನ್ಯಾಗ ತೋರಿಸೀನಿ."

ಹೊಸ್ತಿಲ ಹೊರಗೆ ಕಂಬಳಿ ಹೊದ್ದು ಕುಳಿತಿದ್ದ ಮಾಳಿಂಗಪ್ಪ ಕೆಮ್ಮಿದ. ಅವನು ಸಂತೆಕಲ್ಲೂರಿನ ಕುರಿಗಾರ. ಸುಗ್ಗಿ ಮುಗಿಯುತ್ತಲೇ ಮಸ್ಕಿಯ ಮೇಲೆ ಹಾದು ಈ ಕಾಲುವೆಯ ಸೀಮೆಗೆ ಹಿಂಡನ್ನು ಹೊಡೆದುಕೊಂಡು ಬರುವುದು, ಕೊಯ್ದ ಹೊಲದಲ್ಲಿ ಹುಲ್ಲು ಮೇಯಿಸಿ ಇರುಳೆಲ್ಲ ಕುರಿಗಳನ್ನು ಅಲ್ಲಿಯೇ ತರುಬುವುದು ಅವನ ಪರಿಪಾಠ. ಕುರಿಗೆ ಮೇವಾಗುತ್ತದೆ, ನೆಲಕ್ಕೆ ಹಿಕ್ಕೆಯ ಗೊಬ್ಬರವಾಗುತ್ತದೆ.

"ಹಂಗಾದ್ರ ಈ ವರ್ಷ ನನ್ನ ಕುರಿ ಬ್ಯಾಡ ಅಂತೀರೇನ್ರೀ ಅಮ್ಮಾರ?"

"ಸಿಟ್ಟಾಗಬ್ಯಾಡ ಮಾಳಿಂಗಪ್ಪ. ನೆಲದಾಗ ಸತ್ವ ತುಂಬಿ ತುಳುಕಾಕತ್ತೈತಿ ಅಂತ ಕಾರ್ಡ್ ಹೇಳತೈತಿ. ಹುಲ್ಲಿಗೆ ಇವತ್ತ ಕಡ್ಡಿ ಕೊರದು ಸುಡತೀನಿ. ಎರಡನೇ ಬೆಳಿಗೆ ನೆಲ ಲಗೂನ ಹಸನಾಗತೈತಿ."

"ಹದಿನಾಕು ವರ್ಷದಿಂದ ತರುಬಾಕತ್ತೀನ್ರೀ ಇಲ್ಲಿ."

"ಆ ಹದಿನಾಕು ವರ್ಷದಾಗ ಯಾರೂ ನನಗ ಕಾರ್ಡ್ ಕೊಟ್ಟಿದ್ದಿಲ್ಲಲ್ಲೋ."

"ಇನ್ನ ನನ್ನ ಕುರಿಗೂ ಒಂದೊಂದು ಕಾರ್ಡ್ ಮಾಡಸಬೇಕಾತು ಬಿಡ್ರಿ," ಎಂದು ಮಾಳಿಂಗಪ್ಪ ಕೋಲು ಊರಿ ಎದ್ದ.

ಪಾರ್ವತೆಮ್ಮ ಗೂಡಿನೊಳಗಿನ ಕಡ್ಡಿಪೆಟ್ಟಿಗೆ ಎತ್ತಿಕೊಂಡು ಹೊಲದ ಹಾದಿ ಹಿಡಿದಳು. ಮಾಳಿಂಗಪ್ಪನೂ ಜೊತೆಗೆ ಹೊರಟ. ಸಂಗನಬಸವ ತಪ್ಪು ಮಾಡಿದವನಂತೆ ಹಿಂದೆ ಹಿಂದೆ ನಡೆದ. ತಪ್ಪು ಮಾಡಿದ್ದೂ ನಿಜವೇ ಆಗಿತ್ತು. ಹೊಲದ ಉದ್ದಗಲಕ್ಕೂ ಅಂಕುಡೊಂಕಾಗಿ ನಡೆದು, ಹತ್ತು ಕಡೆ ಗೇಣಾಳಕ್ಕೆ ಅಗೆದು, ಆ ಮಣ್ಣನ್ನೆಲ್ಲ ಕಲೆಸಿ ಅರ್ಧ ಕಿಲೋ ಚೀಲಕ್ಕೆ ತುಂಬಬೇಕೆಂಬುದು ನಿಯಮ. ಹೋದ ವರ್ಷ ಆ ನಡುಹಗಲಿನಲ್ಲಿ ಒಣಗಿ ಬಿರಿದ ಎರೆನೆಲ ಸಲಿಕೆಗೆ ಕಲ್ಲಿನಂತೆ ಸದ್ದು ಕೊಟ್ಟಿತ್ತು. ಒಂದು ಮೂಲೆಯಲ್ಲಿ ಮಾತ್ರ, ಮಾಳಿಂಗಪ್ಪನ ಹಿಂಡು ಅದಾಗಲೇ ಮೂರು ರಾತ್ರಿ ಮಲಗಿ ಎದ್ದಿದ್ದ ಜಾಗದಲ್ಲಿ, ಮಣ್ಣು ಮೆತ್ತಗಿತ್ತು. ಸಂಗನಬಸವ ಅಲ್ಲಿಯೇ ಕುಳಿತು ಚೀಲ ತುಂಬಿದ. ಚೀಟಿಯ ಮೇಲೆ 'ಹತ್ತು ಕಡೆಯ ಮಣ್ಣು' ಎಂದು ದುಂಡಗೆ ಬರೆದ. ಅಂದು ಅದು ಸುಳ್ಳೆಂದೇ ಅನ್ನಿಸಿರಲಿಲ್ಲ.

ಅವನಿಗೆ ತಿಳಿಯದ್ದೇನೂ ಇರಲಿಲ್ಲ. ಭತ್ತದ ಎಲೆ ಗಾಳಿಯೊಳಗಿನ ಇಂಗಾಲವನ್ನು ಎಳೆದುಕೊಂಡು ಕಾಳಾಗುತ್ತದೆ, ಹುಲ್ಲಾಗುತ್ತದೆ. ಹುಲ್ಲು ತಿಂದ ಕುರಿ ಒಂದು ಪಾಲನ್ನು ಉಸಿರಾಗಿ ಗಾಳಿಗೆ ಮರಳಿಸಿ, ಒಂದು ಪಾಲನ್ನು ಮೈಗೆ ಹಚ್ಚಿಕೊಂಡು, ಮತ್ತೊಂದನ್ನು ಹಿಕ್ಕೆಯಾಗಿ ನೆಲಕ್ಕೆ ಕೊಡುತ್ತದೆ. ನೆಲದ ಹುಳುಹುಪ್ಪಡಿ ಅದನ್ನುಂಡು ಬದುಕುತ್ತವೆ. ಬೆಂಕಿ ಬಿದ್ದರೆ ಬೆಳೆ ನಾಲ್ಕು ತಿಂಗಳು ಕೂಡಿಸಿಟ್ಟದ್ದು ಒಂದು ಗಳಿಗೆಯಲ್ಲಿ ಹೊಗೆಯಾಗಿ ಹೋಗುತ್ತದೆ. ಇದನ್ನೆಲ್ಲ ರೈತರ ಸಭೆಗಳಲ್ಲಿ ಗಿಳಿಯಂತೆ ಒಪ್ಪಿಸಿ ಚಪ್ಪಾಳೆ ಗಿಟ್ಟಿಸಿದ್ದವನೂ ಅವನೇ.

ಪಾರ್ವತೆಮ್ಮ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕುಳಿತು ಕಡ್ಡಿ ತೆಗೆದಳು.

"ಅಮ್ಮಾರ, ಕೊರೀಬ್ಯಾಡ್ರಿ," ಎಂದು ಸಂಗನಬಸವ ಮುಂದೆ ಬಂದ.

"ಯಾಕ, ಹುಲ್ಲು ಸುಡಬಾರದು ಅಂತ ಪೊಲೀಸರು ಬಂದಾರೇನು?"

"ಇಲ್ರೀ. ಆ ಕಾರ್ಡಿನ ಮಣ್ಣು ಇಡೀ ಹೊಲದ್ದಲ್ಲ. ಕುರಿ ಮಲಗಿದ್ದ ಮೂಲಿದಷ್ಟ. ಉಳಿದ ಕಡೆ ನಾ ಸಲಿಕೀನ ಹಚ್ಚಿಲ್ಲ. ಅಧಿಕ ಅಂತ ಬಂದದ್ದು ನಿಮ್ಮ ನೆಲ ಅಲ್ರೀ, ಇವನ ಕುರಿ ಹಿಕ್ಕಿ."

ಪಾರ್ವತೆಮ್ಮ ಅವನನ್ನು ಬಿಟ್ಟು ಮಾಳಿಂಗಪ್ಪನ ಕಡೆ ತಿರುಗಿದಳು. "ನಿನಗ ಗೊತ್ತಿತ್ತೇನೋ?"

"ನೋಡೀನ್ರೀ. ಬಿಸಿಲಾಗ ದಣದಿದ್ರು, ನಾನ ಮಜ್ಜಿಗಿ ಕೊಟ್ಟೆ. ಓದಿದವರು, ಒಂದು ಮೂಲಿ ಅಗದ್ರ ಇಡೀ ಹೊಲ ತಿಳಿಯೂ ಹಂಗ ಏನರ ಇಲಮು, ವಿದ್ಯಾ ಇರಬೇಕು ಅನಕೊಂಡೆ. ಸಾಹೇಬರಿಗೆ ನಾ ಏನ್ ಹೇಳಲಿ?"

ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ಸಂಗನಬಸವ ಹೇಗೋ ಸಹಿಸುತ್ತಿದ್ದ.

ಪಾರ್ವತೆಮ್ಮ ಕಡ್ಡಿಯನ್ನು ಪೆಟ್ಟಿಗೆಯೊಳಗೆ ತಿರುಗಿ ಇಟ್ಟಳು. ಇನ್ನು ಬೈಗುಳ ಬೀಳುತ್ತದೆ, ಬಿದ್ದರೆ ಹಗುರಾಗಬಹುದು ಎಂದು ಅವನು ಕಾದ. ಆಕೆ ಕೇಳಿದ್ದೇ ಬೇರೆ.

"ನಂದೊಂದೇನೋ, ಇಂಥ ಕಾರ್ಡ್ ಇನ್ನೂ ಅದಾವೇನೋ?"

ಇಲ್ಲ ಎಂದುಬಿಡಬಹುದಿತ್ತು. "ಇನ್ನೂ ಇಪ್ಪತ್ತೆರಡು ಅದಾವ್ರೀ," ಎಂದ. "ಎಲ್ಲಿ ಮೆತ್ತಗ ಐತಿ, ಅಲ್ಲಿ ತುಂಬೀನಿ. ತಿಪ್ಪಿ ಮಗ್ಗಲಕ, ಗಿಡದ ಬುಡಕ. ಮುಕ್ಕುಂದ ಊರೊಂದರಾಗ ಒಂಬತ್ತು."

"ಅವರೂ ಸುಡಾಕತ್ತಾರೇನು?"

ಅವನು ತಲೆ ತಗ್ಗಿಸಿ, ಚೀಲದಿಂದ ರೈತರ ಹೆಸರಿನ ಪಟ್ಟಿ ತೆಗೆದ.

"ನನ್ನ ಮುಂದ ತಲಿ ತಗ್ಗಿಸಿ ನಿಂತ್ರ ಅವರಿಗೇನು ಬಂತು? ನಡಿ, ಹೋಗು. ಮಾಳಿಂಗಪ್ಪ, ಕುರಿ ಹೊಡಕೊಂಡು ಬಾರೋ."

ಸಿಂಧನೂರು ದಾಟಿ ಮುಕ್ಕುಂದದವರೆಗೂ ರಸ್ತೆಯ ಎರಡೂ ಬದಿಗೆ ಅಲ್ಲಲ್ಲಿ ಹೊಗೆ ಏಳುತ್ತಿತ್ತು. ಪ್ರತಿ ಹೊಗೆಯನ್ನು ಕಂಡಾಗಲೂ ಇದು ನನ್ನ ಕಾರ್ಡಿನ ಹೊಲವೋ, ಅಲ್ಲವೋ ಎಂದು ಸಂಗನಬಸವ ಪಟ್ಟಿ ಬಿಚ್ಚಿ ನೋಡುತ್ತಿದ್ದ. ಪಟ್ಟಿಯ ಮೊದಲ ಹೆಸರು ಹಸನ್‌ಸಾಬನದು. ಅವನ ಗದ್ದೆ ಆಗಲೇ ಕರ್ರಗಾಗಿತ್ತು. ಬೂದಿ ಇನ್ನೂ ಬೆಚ್ಚಗಿತ್ತು. ಬದುವಿನ ಮೇಲಿದ್ದ ಮುದುಕ ಇವನನ್ನು ಕಂಡವನೇ ಹೆಗಲ ಟವೆಲ್ ಹಾಸಿದ.

"ಬರ್ರಿ ಸಂಗಣ್ಣ, ಚಾ ತರಸ್ತೀನಿ. ನಿಮ್ಮ ಕಾರ್ಡ್ ನೋಡಿ ಈ ಸಲ ತಿಪ್ಪಿ ಗೊಬ್ಬರ ಹೊಡಿಯೂ ಕೆಲಸಾನೂ ಬಿಟ್ಟೀನಿ. ಮೆಹರಬಾನಿ ನಿಮ್ಮದು."

ಸಂಗನಬಸವ ನಿಂತೇ ಇದ್ದ. "ಚಾ ಬ್ಯಾಡ ಹಸನ್‌ಸಾಬ್. ಮೊದಲ ನಾ ಹೇಳೂದು ಕೇಳ್ರಿ."

"ಹೇಳ್ರೆಪ್ಪ, ಕುಂತು ಹೇಳ್ರಿ," ಎಂದು ಹಸನ್‌ಸಾಬ ಇನ್ನೂ ನಗುತ್ತಲೇ, ಟವೆಲ್ಲಿನ ಮೇಲೆ ಅವನಿಗಾಗಿ ಒಂದಿಷ್ಟು ಸರಿದು ಕುಳಿತ.